ಕಬ್ಬಿನ ಬಾಕಿ ಹಾಗೂ ಕಾರ್ಖಾನೆಗಳ ದೆಹಲಿ ಲಾಬಿ ಖರ್ಚಿನ ಲೆಕ್ಕ ಕೋರಿ ಮನವಿ ಪತ್ರ

ಇವರಿಗೆ,
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು,
ರಾಜ್ಯ ಕಬ್ಬು ನಿಯಂತ್ರಣ ಮಂಡಳಿ, ಬೆಂಗಳೂರು.

ಇವರಿಂದ,
ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಕಬ್ಬು ಬೆಳೆಗಾರರು.

ವಿಷಯ: ಕಬ್ಬಿನ ಬಾಕಿ ಕೊಡಿಸುವುದು ಹಾಗೂ ಕೇಂದ್ರ ಸರ್ಕಾರದ ಬಳಿ ಕಾರ್ಖಾನೆಗಳು ಮಾಡುವ ಲಾಬಿ ಖರ್ಚನ್ನು ಬಹಿರಂಗಪಡಿಸುವ ಕುರಿತು.
ಉಲ್ಲೇಖ: ಕಳೆದ ಹಂಗಾಮಿನಲ್ಲಿ ತಮಗೆ ಕೊಟ್ಟ ಎರಡು ಮನವಿಗಳು.

ಮಾನ್ಯರೇ,

ಉಲ್ಲೇಖಿತ ಮನವಿಗಳಿಗೆ ಒಂದು ಹಿಂಬರಹವೂ ಬಾರದ ಕಾರಣ ಮೂರನೇ ಬಾರಿ ತಮ್ಮ ಮುಂದೆ ಬಂದಿದ್ದೇವೆ.

1966ರ ಕಬ್ಬು (ನಿಯಂತ್ರಣ) ಆದೇಶದ 3(3) ಮತ್ತು 3(3ಎ) ಖಂಡಗಳು ತಮಗೆ ತಿಳಿಯದ್ದಲ್ಲ. ಕಬ್ಬು ಪೂರೈಸಿ 14 ದಿನ ಮೀರಿದರೂ ಹಣ ಕೊಡದಿದ್ದರೆ ಶೇ. 15 ಬಡ್ಡಿ. ನಮಗೆ ಬಡ್ಡಿ ಹಾಗಿರಲಿ, ಅಸಲೇ ಬಂದಿಲ್ಲ. ತೂಕದ ಚೀಟಿಗಳು (ಲಗತ್ತು 1), ಪಾಸ್‌ಬುಕ್ ಪ್ರತಿಗಳು (2), ಸೊಸೈಟಿ ಸಾಲದ ನೋಟಿಸುಗಳು (3) ಇವೆ. ಮಳವಳ್ಳಿ ಕಡೆಯ ಬೆಳೆಗಾರರೊಬ್ಬರು ಮಗಳ ಓಲೆ ಅಡವಿಟ್ಟ ರಸೀದಿಯನ್ನು ತೂಕದ ಚೀಟಿಗೇ ಪಿನ್ ಹೊಡೆದು ಕೊಟ್ಟಿದ್ದಾರೆ. ಬಿಡಿಸದೆ ಹಾಗೆಯೇ ಲಗತ್ತಿಸಿದ್ದೇವೆ (4).

ಕೇಳಿದಾಗಲೆಲ್ಲ ಕಾರ್ಖಾನೆಯವರದು ಒಂದೇ ಉತ್ತರ: "ದೆಹಲಿಯಲ್ಲಿ ಸಕ್ಕರೆ ದರ ಏರಲಿ, ಕೊಡುತ್ತೇವೆ." ಸಕ್ಕರೆಯ ಕನಿಷ್ಠ ಮಾರಾಟ ದರ 2018ರಲ್ಲಿ ಕಿಲೋಗೆ 29 ರೂ. ಎಂದು ನಿಗದಿಯಾಯಿತು, 2019ರಲ್ಲಿ 31 ಆಯಿತು. ಈ ದರಕ್ಕೆ, ಎಥೆನಾಲ್ ಬೆಲೆಗೆ, ರಫ್ತಿಗೆ ಉದ್ಯಮದ ಸಂಘಗಳು ದೆಹಲಿಯ ಬಾಗಿಲು ತಟ್ಟುತ್ತಲೇ ಇವೆ. ತಟ್ಟಲಿ, ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಆ ಓಡಾಟಕ್ಕೆ, ಸಲಹೆಗಾರರಿಗೆ, ಸಂಘದ ವಂತಿಗೆಗೆ ಹಣವಿದ್ದು ಕಬ್ಬು ಅರೆದವರ ಕೈಯಲ್ಲಿ ಬೆಳೆದವನಿಗೆ ಕೊಡಲು ಮಾತ್ರ ಹಣವಿಲ್ಲ ಎಂದರೆ ನಂಬುವುದು ಹೇಗೆ?

ಇಂಥ ಖರ್ಚಿನ ವಿಷಯದಲ್ಲಿ ಅಮೆರಿಕವನ್ನು ನೋಡಿ: ಅಲ್ಲಿ 1995ರ ಕಾಯ್ದೆಯ ಪ್ರಕಾರ ಲಾಬಿ ಖರ್ಚನ್ನು ಘೋಷಿಸಲೇಬೇಕು. ಭಾರತದ ಮಾರುಕಟ್ಟೆ ಪ್ರವೇಶವೂ ಸೇರಿದಂತೆ ಹಲವು ವಿಷಯಗಳ ಲಾಬಿಗೆ ವಾಲ್‌ಮಾರ್ಟ್ 2008ರಿಂದ ಸುಮಾರು 125 ಕೋಟಿ ರೂ. ವೆಚ್ಚ ಮಾಡಿದ್ದು 2012ರಲ್ಲಿ ಬಯಲಾದದ್ದು ಅಲ್ಲಿನ ಸೆನೆಟ್ ದಾಖಲೆಯಿಂದಲೇ. ನಮ್ಮ ಸಂಸತ್ತು ಕೋಲಾಹಲ ಎಬ್ಬಿಸಿತು, ಇದರ ತನಿಖೆಗೆ 2013ರಲ್ಲಿ ನ್ಯಾಯಮೂರ್ತಿ ಮುಕುಲ್ ಮುದ್ಗಲ್ ಸಮಿತಿ ನೇಮಕವಾಯಿತು. ಆದರೂ ಲಾಬಿ ಲೆಕ್ಕ ಕೇಳುವ ಕಾಯ್ದೆ ನಮ್ಮಲ್ಲಿ ಬರಲಿಲ್ಲ. ನಮ್ಮ ದೇಶದ ಸಂಗತಿ ತಿಳಿಯಲು ಪರದೇಶದ ಕಡತ ತೆರೆಯಬೇಕಾದದ್ದು ನಮಗೆ ಅವಮಾನ.

ಆದ್ದರಿಂದ ನಮ್ಮ ಬೇಡಿಕೆಗಳು, ಜೊತೆಗೆ ಕೆಲವು ಸ್ಥಳೀಯ ಕೋರಿಕೆಗಳು:

1. ಬಾಕಿಯನ್ನು ಬಡ್ಡಿ ಸಮೇತ ಕೂಡಲೇ ಕೊಡಿಸಬೇಕು. ತಪ್ಪಿದರೆ ಭೂಕಂದಾಯ ಬಾಕಿಯಂತೆ ವಸೂಲಿ ಮಾಡಬೇಕು.
2. ಬಾಕಿ ಉಳಿಸಿಕೊಂಡ ಕಾರ್ಖಾನೆಗಳು ಲಾಬಿ, ಸಲಹೆಗಾರರು, ಸಂಘದ ವಂತಿಗೆ ಇವುಗಳ ಖರ್ಚನ್ನು ಪ್ರತಿ ಹಂಗಾಮಿಗೂ ಮಂಡಳಿಗೆ ಸಲ್ಲಿಸಬೇಕು, ಅದನ್ನು ಕಾರ್ಖಾನೆ ಗೇಟಿನಲ್ಲಿ ಕನ್ನಡದಲ್ಲಿ ಹಾಕಬೇಕು.
3. ಲಾಬಿ ಘೋಷಣೆ ಕಾಯ್ದೆಗಾಗಿ ಕೇಂದ್ರಕ್ಕೆ ಶಿಫಾರಸು ಮಾಡಬೇಕು.
4. ಕಬ್ಬಿಗೆ ಸೂಲಂಗಿ (ಹೂ) ಬರುವ ಮುನ್ನ ಕಟಾವಿಗೆ ಅನುಮತಿ ಸಿಗಬೇಕು. ತೂಕದ ಯಂತ್ರಗಳ ತಪಾಸಣೆ ಮಾಡಿಸಿ, ಗೇಟಿನ ಬಳಿ ನೆರಳು, ಕುಡಿಯುವ ನೀರು ಒದಗಿಸಬೇಕು.
5. ನಮ್ಮ ಪೈಕಿ ಮದ್ದೂರಿನ ಮೂವರ ಆಲೆಮನೆಗಳಿಗೆ ತಡೆಹಿಡಿದ ವಿದ್ಯುತ್ ಸಂಪರ್ಕ ಕೊಡಿಸಲು, ಮುಂದಿನ ಮಂಡಳಿ ಸಭೆಗೆ ನಮ್ಮವರಲ್ಲೊಬ್ಬರನ್ನು ಕರೆಯಲು ದಯಮಾಡಿ ಸೂಚಿಸಬೇಕು.

ತಮ್ಮ ಬಗ್ಗೆ ಗೌರವವಿದೆ, ತಾಳ್ಮೆ ಮಾತ್ರ ಉಳಿದಿಲ್ಲ. 15 ದಿನದೊಳಗೆ ಲಿಖಿತ ಉತ್ತರ ಬಾರದಿದ್ದರೆ ಮಂಡ್ಯದ ಸರ್ ಎಂ. ವಿಶ್ವೇಶ್ವರಯ್ಯ ಪ್ರತಿಮೆಯ ಮುಂದೆ ಇದೇ ಚೀಟಿಗಳನ್ನು ಹಿಡಿದು ಕೂರುತ್ತೇವೆ.


ತಮ್ಮ ವಿಶ್ವಾಸಿಗಳು
(ಮೂರು ತಾಲ್ಲೂಕುಗಳ ಬೆಳೆಗಾರರ ಸಹಿಗಳು)