ಬಯೋಸ್ ನೋಡದೆ ಹಾರ್ಡ್ ಡಿಸ್ಕ್ ಹೋಯ್ತು ಅನ್ನಬೇಡಿ

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಎಲ್ಲ ಹಳೆ ಯಂತ್ರಗಳಿಗೂ ಹೊಂದುವುದಿಲ್ಲ. ಹಾಗಾಗಿ ಕಚೇರಿಗಳಿಂದ ಹಳೆ ಕಂಪ್ಯೂಟರುಗಳು ಹೊರಬೀಳುವ ಕಾಲ ಇದು. ನಮ್ಮ ಕೊರ್ಲಿಮ್‌ನಲ್ಲೇ ಕೈಗಾರಿಕಾ ವಸಾಹತು ಇದೆ. ಅಂಥ ಕಡೆಯಿಂದ ಎರಡು ಕಂಪ್ಯೂಟರ್ ದಾನ ಬಂದರೂ ಗಡಿಯಾಚೆಯ ಕನ್ನಡ ಶಾಲೆಗೆ ಅದು ದೊಡ್ಡದೇ. ಗೋವಾಕ್ಕೆ ಇದು ಹೊಸದಲ್ಲ. 2000ರ ದಶಕದ ಆರಂಭದಲ್ಲಿ ಗೋವಾ ಸ್ಕೂಲ್ಸ್ ಕಂಪ್ಯೂಟರ್ಸ್ ಪ್ರಾಜೆಕ್ಟ್ ವಿದೇಶದಿಂದ ಬಂದ ಹಳೆ ಯಂತ್ರಗಳಿಗೆ ಲಿನಕ್ಸ್ ಹಾಕಿ ಶಾಲೆಗಳಿಗೆ ಕೊಟ್ಟಿತ್ತು.

ದಾನ ಪಡೆಯುವುದು ಸುಲಭ, ಉಳಿಸಿಕೊಳ್ಳುವುದೇ ಕಷ್ಟ. ಬೇಸಿಗೆ ರಜೆ ಮುಗಿಸಿ ಬಂದು ಚಾಲೂ ಮಾಡಿದರೆ ನೀಲಿ ಪರದೆ. ರಿಪೇರಿಯವರು ಬಂದು "ಹಾರ್ಡ್ ಡಿಸ್ಕ್ ಹೋಗೇದ್ರಿ ಸರ್, ಹೊಸಾದು ಹಾಕಸ್ರಿ" ಅಂತಾರೆ. ಅಥವಾ ಕೇಳದೆ ಫಾರ್ಮ್ಯಾಟ್ ಮಾಡಿಬಿಡ್ತಾರೆ. ನುಡಿಯಲ್ಲಿ ಟೈಪ್ ಮಾಡಿದ ಪ್ರಶ್ನೆಪತ್ರಿಕೆ, ಅಂಕಪಟ್ಟಿ, ಗ್ಯಾದರಿಂಗ್ ಫೋಟೋ ಎಲ್ಲಾ ಮಾಯ!

ಎಷ್ಟೋ ಸಲ ಸತ್ತಿರುವುದು ಡಿಸ್ಕ್ ಅಲ್ಲ, ಮದರ್‌ಬೋರ್ಡಿನ ಮೇಲಿರುವ ನಾಣ್ಯದಂಥ ಸಿಆರ್2032 ಬ್ಯಾಟರಿ. ಅದು ಹೋದರೆ ಗಡಿಯಾರ ಹಿಂದಿನ ವರ್ಷಕ್ಕೆ ಹೋಗುತ್ತದೆ, ಬಯೋಸ್ ಸೆಟ್ಟಿಂಗ್ ಮೂಲಸ್ಥಿತಿಗೆ ಮರಳಬಹುದು. ಎಎಚ್‌ಸಿಐ ಇದ್ದದ್ದು ಐಡಿಇ ಆದರೆ ವಿಂಡೋಸ್ ತನ್ನ ಡಿಸ್ಕನ್ನೇ ಗುರುತಿಸದೆ ನಿಲ್ಲಬಹುದು. ಯುಇಎಫ್‌ಐ ಇದ್ದದ್ದು ಲೆಗಸಿ ಆದರೂ ಬೂಟ್ ಆಗುವುದಿಲ್ಲ. ಒಂದೇ ಡಿಸ್ಕ್ ಇರುವ ಯಂತ್ರದಲ್ಲಿ ಬ್ಯಾಟರಿ ಬದಲಿಸಿ ಹಳೆಯ ಆಯ್ಕೆಗೆ ತಂದರೆ ಸಾಕು. ಒಳಗಿನ ಕಡತ ಎಲ್ಲೂ ಹೋಗಿರುವುದಿಲ್ಲ. (ರೇಡ್ ಎಂದಿದ್ದರೆ ಮಾತ್ರ ತಿಳಿದವರನ್ನು ಕೇಳದೆ ಮುಟ್ಟಬೇಡಿ.)

ನೋಡುವ ಕ್ರಮ ಇಷ್ಟೇ. ಚಾಲೂ ಮಾಡಿದ ಕೂಡಲೇ ಎಫ್2 ಅಥವಾ ಡಿಲೀಟ್ ಒತ್ತಿ. ಕೆಲವು ಕಂಪನಿಗಳಲ್ಲಿ ಎಫ್1 ಅಥವಾ ಎಫ್10. ಡಿಸ್ಕಿನ ಹೆಸರು ಅಲ್ಲಿ ಕಂಡರೆ ಅದಿನ್ನೂ ಮಾತಾಡುತ್ತಿದೆ ಎಂದರ್ಥ. ಸ್ಟೋರೇಜ್ ಮೋಡ್, ಬೂಟ್ ಸರದಿ ನೋಡಿ. ಕಾಣದಿದ್ದರೆ ಪ್ಲಗ್ ತೆಗೆದು ಸಾಟಾ ಕೇಬಲ್, ಪವರ್ ಕೇಬಲ್ ಬಿಗಿ ಮಾಡಿ. ಕಟಕಟ ಸದ್ದು ಬಂದರೆ ಮಾತ್ರ ಅಲ್ಲೇ ನಿಲ್ಲಿಸಿ, ಡಿಸ್ಕ್ ನಿಜವಾಗಿಯೂ ಹೋಗುತ್ತಿರಬಹುದು.

"ಪಾಠ ಮಾಡೋರಿಗೆ ಇದೆಲ್ಲಾ ಯಾಕೆ?" ಎನ್ನುವವರಿದ್ದಾರೆ. ನಮ್ಮ ಶಾಲೆಗಳಲ್ಲಿ ಇದಕ್ಕೆಂದೇ ಬೇರೆ ಸಿಬ್ಬಂದಿ ಎಲ್ಲಿದ್ದಾರೆ? ನಮಗೆ ತಿಳಿಯದಿದ್ದರೆ ಬಂದವರು ಹೇಳಿದ್ದೇ ವೇದ, ಹೋಗುವುದು ಪಾಲಕರ ದುಡ್ಡು. ಕೂಲಿಗೆಂದು ವಿಜಾಪುರ, ಬಾಗಲಕೋಟೆ ಕಡೆಯಿಂದ ಬಂದವರ ಮಕ್ಕಳಿಗೆ ಮನೆಯಲ್ಲಿ ಇನ್ನೊಂದು ಕಂಪ್ಯೂಟರ್ ಇರುವುದಿಲ್ಲ. ಶಾಲೆಯದು ನಿಂತರೆ ಅವರ ಕಲಿಕೆಯೂ ನಿಂತಂತೆ.

ಆದ್ದರಿಂದ ನನ್ನ ಸಲಹೆ: ಯಂತ್ರ ಸರಿಯಿರುವಾಗಲೇ ಬಯೋಸ್ ಪರದೆಯ ಫೋಟೋ ತೆಗೆದಿಡಿ. ಮೋಡ್, ಬೂಟ್ ಸರದಿ, ಬ್ಯಾಟರಿ ಹಾಕಿದ ದಿನಾಂಕ ಮೂರನ್ನೂ ಕನ್ನಡದಲ್ಲಿ ಬರೆದು ಸಿಪಿಯು ಡಬ್ಬದ ಮೇಲೆ ಅಂಟಿಸಿ. ದೊಡ್ಡ ತರಗತಿಯ ಮಕ್ಕಳಿಂದಲೇ ಬರೆಸಿದರೆ ಇನ್ನೂ ಒಳ್ಳೆಯದು. ಅದೂ ಒಂದು ಪಾಠವೇ ಅಲ್ಲವೇ?