ತಲೆ ಡಾಕ್ಟರ್ ಆಗುವ ಕೋರ್ಸಾ?

“ಮಗಳು ಯೂನಿವರ್ಸಿಟಿಯಲ್ಲಿ ಕಾಗ್ನಿಟಿವ್ ಸೈನ್ಸ್ ತೆಗೆದುಕೊಳ್ತಾಳಂತೆ. ತಲೆ ಡಾಕ್ಟರ್ ಆಗುವ ಕೋರ್ಸಾ ಉಸ್ತಾದರೇ?” ಎಂದು ತಾಯಿಯೊಬ್ಬರು ನಮ್ಮಲ್ಲಿ ಕೇಳಿದರು. ಅಲ್ಲ. ನಾವು ನೋಡುವುದು, ನೆನಪಿಡುವುದು, ಮಾತು ಕಲಿಯುವುದು ಹೇಗೆಂದು ಹುಡುಕುವ ವಿದ್ಯೆ ಅದು. ಮೊದಲ ಕೋರ್ಸಿನಲ್ಲೇ ಮನಶ್ಶಾಸ್ತ್ರ, ಭಾಷಾಶಾಸ್ತ್ರ, ತತ್ವಶಾಸ್ತ್ರ, ಮೆದುಳು, ಕಂಪ್ಯೂಟರ್ ಎಲ್ಲ ಒಟ್ಟಿಗೆ ಬರುತ್ತವೆ. ತಲೆ ಗಿರ್ರೆಂದರೆ ಹೆದರಿ ಬಿಟ್ಟು ಬರಬಾರದು.

ಅಲ್ಲಿ ಉತ್ತರಕ್ಕಿಂತ ತರ್ಕವೇ ಜಾಸ್ತಿ. ಮಾತು ಕೂಡ ಬಹುಮಾನ, ಮೆಚ್ಚುಗೆಯಿಂದ ಬರುವ ರೂಢಿ ಎಂದಿದ್ದ ಮನಶ್ಶಾಸ್ತ್ರಜ್ಞ ಸ್ಕಿನ್ನರ್‌ರನ್ನು ಭಾಷಾತಜ್ಞ ಚೋಮ್‌ಸ್ಕಿ 1959ರಲ್ಲೇ ಖಂಡಿಸಿದರು. ಆ ಜಗಳ ಇಂದಿಗೂ ಪಾಠವೇ. ಮನೆಯಲ್ಲಿ ಬ್ಯಾರಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಕಲಿತ ನಮ್ಮ ಮಕ್ಕಳಿಗೆ ಅಲ್ಲಿ ಹೇಳಲಿಕ್ಕೆ ಏನೂ ಇಲ್ವಾ? ಬಾಯಿಪಾಠವನ್ನೇ ನಂಬಿದರೆ ಮಾತ್ರ ಕಷ್ಟ. ಬಾಯಿಪಾಠ ಮಾಡಿಸುವ ನಾವೇ ಇದನ್ನು ಹೇಳ್ತಿದ್ದೇವೆ.