ಎಲೆ ಹಳದಿಯಾದರೆ ಯೂರಿಯಾವೇ ಯಾಕೆ?

ಬದುವಿನ ಮೇಲೆ ನಿಂತು ಬೆಳೆ ನೋಡುವವರು ಮೊದಲು ಆಡೋ ಮಾತು ಒಂದೇ: "ಹಸ್ರು ಚೆನ್ನಾಗೈತೆ." ಹಸಿರು ಕಮ್ಮಿ ಕಂಡರೆ ಮಾರನೇ ದಿನ ಯೂರಿಯಾ ಚೀಲ ಬಂದು ಬೀಳ್ತದೆ. ಈ ಅಭ್ಯಾಸ ತಪ್ಪು ಅಂತ ನನ್ನ ವಾದ. ತಪ್ಪು ಮಾಡಿದವರಲ್ಲಿ ನಾನೂ ಒಬ್ಬ, ಅದಕ್ಕೇ ಬರೀತಿದೀನಿ.

ನಾನು ಓದಿದ್ದು ಏಳನೇ ಕ್ಲಾಸು. ಪತ್ರಹರಿತ್ತು ಅನ್ನೋ ಪದ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ ಅಷ್ಟೆ. ಮಗಳ ಕಾಲೇಜು ಪುಸ್ತಕ ನೋಡಿದ ಮೇಲೆ ಸ್ವಲ್ಪ ತಿಳೀತು. ಎಲೆ ಬಿಸಿಲು ಹಿಡಿದು ಅನ್ನ ಮಾಡೋದು ಇದರಿಂದ. ಇದರ ನಟ್ಟನಡುವೆ ಮೆಗ್ನೀಸಿಯಂ, ಸುತ್ತ ನಾಲ್ಕು ಸಾರಜನಕ. ಹಾಗಾಗಿ ಸಾರಜನಕದ ಕೊರತೆ ಇದ್ದ ಕಡೆ ಯೂರಿಯಾಕ್ಕೆ ಹಸಿರೇರೋದು ನಿಜ. ಕಬ್ಬಿಣ ಇದರೊಳಗೆ ಇಲ್ಲವೇ ಇಲ್ಲ. ಆದರೆ ಕಬ್ಬಿಣ ಸಿಗದಿದ್ದರೆ ಗಿಡ ಪತ್ರಹರಿತ್ತು ಕಟ್ಟಲಾರದು. ಗೋಡೆಯೊಳಗೆ ಗಾರೆಯವನ ಕರಣೆ ಇರೋದಿಲ್ಲ, ಕರಣೆ ಇಲ್ಲದೆ ಗೋಡೆ ಏಳುತ್ತದೆಯೇ? ಹಾಗೆ.

2021ರ ಮುಂಗಾರು. ಹಳ್ಳದ ಪಕ್ಕ ನನ್ನದು ಎರಡು ಎಕರೆ ಸುಣ್ಣಕಲ್ಲು ಬೆರೆತ ಭೂಮಿ, ಶೇಂಗಾ ಹಾಕಿದ್ದೆ. ತಿಂಗಳ ಪೈರಿದ್ದಾಗ ಮೂರು ದಿನ ಜಡಿಮಳೆ. ನೀರು ಇಂಗಲಿಲ್ಲ, ಬೆಳೆ ಹಳದಿಗೆ ತಿರುಗಿತು. ಗೊಬ್ಬರದಂಗಡಿಯವರು ಹೊಲ ನೋಡದೇನೇ "ಯೂರಿಯಾ ಎರಚಿ ಯಜಮಾನ್ರೇ" ಅಂದರು. ಒಂದು ಚೀಲ ಎರಚಿದೆ. ಹತ್ತು ದಿನ ಬಿಟ್ಟು ಇನ್ನೊಂದು. ಕಳೆ ಮೊಣಕಾಲುದ್ದ ಎದ್ದಿತು, ಶೇಂಗಾ ಸುಳಿ ಮಾತ್ರ ಕಾಗದದಂಗೆ ಬಿಳಿಚಿತು. ಬೀಜದ ದುಡ್ಡೂ ಹುಟ್ಟಲಿಲ್ಲ.

ಕಳೆ ಕೀಳುವಾಗ ನಮ್ಮ ಮನೆಯಾಕೆ ಅಂದಿದ್ದಳು, "ಕೆಳಗಿನ ಎಲೆ ಹಸ್ರಾಗೇ ಇದಾವಲ್ರೀ, ಮೇಲಿನ ಚಿಗುರಿಗೇ ಯಾಕೆ ಬಂತು?" ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಇಡೀ ವಿಷಯ ಇರೋದೇ ಆ ಮಾತಲ್ಲಿ. ಸಾರಜನಕ ಕಮ್ಮಿಯಾದರೆ ಗಿಡ ಹಳೇ ಎಲೆಯಿಂದ ಎಳೆದು ಚಿಗುರಿಗೆ ಕೊಡುತ್ತದೆ, ಅದಕ್ಕೇ ಕೆಳಗಿನ ಎಲೆ ಮೊದಲು ಹಳದಿ. ಕಬ್ಬಿಣ ಹಾಗೆ ಹಳೇ ಎಲೆ ಬಿಟ್ಟು ಬರುವುದಿಲ್ಲ. ಚಿಗುರು ಹಳದಿ, ನರ ಮಾತ್ರ ಹಸಿರು ಅಂದರೆ ಕಬ್ಬಿಣದ ಕೊರತೆ.

ಮಣ್ಣಲ್ಲಿ ಕಬ್ಬಿಣ ಇಲ್ಲವಾ? ಬೇಕಾದಷ್ಟಿದೆ. ಸುಣ್ಣದ ಭೂಮೀಲಿ ಅದು ಕರಗೋದಿಲ್ಲ, ಬೇರಿಗೆ ಸಿಗೋದಿಲ್ಲ. ನೀರು ನಿಂತರೆ ಇನ್ನೂ ಕಷ್ಟ. ಬೀಗ ಹಾಕಿದ ಕಣಜದ ಮುಂದೆ ಹಸಿದು ಕೂತಂಗೆ.

ಮಾರನೇ ವರ್ಷ ಒಂದು ತರಬೇತಿಯಲ್ಲಿ ಕಲಿತದ್ದನ್ನು ಮಾಡಿದೆ. ಹತ್ತು ಲೀಟರ್ ನೀರಿಗೆ ಐವತ್ತು ಗ್ರಾಂ ಅನ್ನಭೇದಿ, ಹತ್ತು ಗ್ರಾಂ ಸಿಟ್ರಿಕ್ ಆಸಿಡ್. ಮೊದಲು ನಾಕಾರು ಗಿಡದ ಚಿಗುರಿಗೆ ಮಾತ್ರ ಬಳಿದು ಗುರುತಿಟ್ಟೆ. ಐದನೇ ದಿನ ಬಳಿದ ಎಲೆ ಹಸಿರು, ಪಕ್ಕದ್ದು ಹಳದಿ. ಆಮೇಲೆ ಸಂಜೆ ಹೊತ್ತು ಇಡೀ ತುಂಡಿಗೆ ಹೊಡೆದೆ, ಹತ್ತು ದಿನ ಬಿಟ್ಟು ಮತ್ತೊಮ್ಮೆ. ಮೇಲಿನ ಕೆಂಪು ಹೊಲದಷ್ಟು ಇಳುವರಿ ಬರಲಿಲ್ಲ, ಆದರೆ ಬೆಳೆ ಅನ್ನುವಂತಾಯಿತು.

ನಲವತ್ತೈದು ಕೆಜಿ ಯೂರಿಯಾ 266 ರೂಪಾಯಿ 50 ಪೈಸೆಗೆ ಸಿಗುತ್ತದೆ. ಅಗ್ಗ ಅಂತಲೇ ಎಲ್ಲಾ ಕಾಯಿಲೆಗೂ ಅದೇ ಮದ್ದಾಗಿದೆ. ಶೇಂಗಾ ಬೇರಲ್ಲಿ ಗಂಟು ಕಟ್ಟಿ ತಾನೇ ಸಾರಜನಕ ಹಿಡಿಯೋ ಗಿಡ, ಯೂರಿಯಾ ಜಾಸ್ತಿಯಾದರೆ ಗಂಟೇ ಕಟ್ಟೋದಿಲ್ಲ. 2015ರಿಂದ ಕೊಡುತ್ತಿರುವ ಮಣ್ಣು ಆರೋಗ್ಯ ಕಾರ್ಡಿನಲ್ಲಿ ಕಬ್ಬಿಣದ ಲೆಕ್ಕವೂ ಇದೆ. ನನ್ನದು ಟ್ರಂಕಿನಲ್ಲಿತ್ತು, ಓದಿ ಹೇಳಿದವರು ಯಾರೂ ಇರಲಿಲ್ಲ. ನಾನೂ ಕೇಳಲಿಲ್ಲ ಅನ್ನಿ.

ನಮ್ಮೂರಿನ ಅಂಗಡೀಲಿ ಯೂರಿಯಾ ರಾಶಿ ಇರುತ್ತದೆ. ಅನ್ನಭೇದಿ ಬೇಕಂದರೆ ತಾಲ್ಲೂಕಿಗೆ ಬಸ್ಸು ಹತ್ತಬೇಕು. ಸೊಸೈಟಿಯವರು ಕಾಲು ಕೆಜಿ ಪೊಟ್ಟಣ ಮಾಡಿ ಇಟ್ಟರೆ ಬಿತ್ತನೆಗೆ ಮುಂಚೆ ನಾವೇ ಹತ್ತು ಮಂದಿ ಒಯ್ಯುತ್ತೇವೆ. ಕೇಳಿದ್ದೇನೆ, ಇನ್ನೂ ಉತ್ತರ ಬಂದಿಲ್ಲ.